ಈಲಿಯನ್ನು ಎಚ್ಚರಿಸುವ ಎಣ್ಣೆ

ನಮ್ಮ ಮನೆಯಲ್ಲಿ ಯಾರಿಗಾದರೂ ಕಾಮಾಲೆ ಬಂದರೆ ಅಜ್ಜಿ ಮೊದಲು ಮಾಡುತ್ತಿದ್ದ ಕೆಲಸ ಒಗ್ಗರಣೆ ಸೌಟನ್ನು ತೊಳೆದು ಗೋಡೆಯ ಮೊಳೆಗೆ ತೂಗುಹಾಕುವುದು. ಅದು ಮತ್ತೆ ಕೆಳಗಿಳಿಯಲು ಮೂರು ವಾರವಾದರೂ ಬೇಕಿತ್ತು. ನನಗೆ ಬಂದದ್ದು ಏಳನೇ ಕ್ಲಾಸಿನಲ್ಲಿ. ಕಣ್ಣಿನ ಬಿಳಿ ಅರಿಶಿನ ಬಳಿದಂತಾಗಿತ್ತು. ಹೊತ್ತು ಹೊತ್ತಿಗೆ ಗಂಜಿ, ಮಜ್ಜಿಗೆ ಅನ್ನ, ಉಪ್ಪಿಲ್ಲದೆ ಬೇಯಿಸಿದ ಸೋರೆಕಾಯಿ. ಬೆಳಿಗ್ಗೆ ಖಾಲಿ ಹೊಟ್ಟೆಗೆ, ಕಿರುನೆಲ್ಲಿಯನ್ನು ಬೇರುಸಹಿತ ಅರೆದು ಮಜ್ಜಿಗೆಯಲ್ಲಿ ಕದಡಿದ ಹಸಿರು ಲೋಟ. ಎಣ್ಣೆಯ ವಾಸನೆಯೂ ಮೂಗಿಗೆ ಬೀಳುವ ಹಾಗಿರಲಿಲ್ಲ. ಎಣ್ಣೆ ತಾಗಿದರೆ ಈಲಿ ಸುಡುತ್ತದೆ ಎಂದು ಅಜ್ಜಿ ಹೇಳುತ್ತಿದ್ದಳು.

ಅದೇ ಮನೆತನದ ನನ್ನ ಚಿಕ್ಕಪ್ಪ ಈಗ ಸಾಗರದಲ್ಲಿದ್ದಾರೆ. ಹೋದ ವರ್ಷ ಅವರ ಮನೆಗೆ ಹೋದಾಗ ಊಟಕ್ಕೆ ಕೂರುವ ಮೊದಲು ಒಂದು ಕಂದು ಬಣ್ಣದ ಬಾಟಲಿಯ ಮುಚ್ಚಳ ತಿರುಗಿಸಿ, ಕಪ್ಪಗಿನ ಎಣ್ಣೆಯನ್ನು ಚಮಚಕ್ಕೆ ಬಗ್ಗಿಸಿಕೊಂಡು ನುಂಗಿದರು. ಮುಖ ಕಿವಿಚಿತು. ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್ ಎಂದು ಬಂದಿತ್ತು. ರಕ್ತಪರೀಕ್ಷೆಯಲ್ಲಿ ಎಸ್‌ಜಿಪಿಟಿ 78. ಯಾರೋ ಕರಿಜೀರಿಗೆ ಎಣ್ಣೆ ಹೇಳಿದ್ದರು.

"ನೀನು ವಿಜ್ಞಾನ ಬರೀತೀಯಲ್ಲ ಮಾರಾಯ, ಇದು ಲಿವರ್ ಕಾಯುತ್ತಂತೆ, ಹೌದಾ?" ಎಂದು ಕೇಳಿದರು.

ಒಂದು ತಲೆಮಾರಿಗೆ ಎಣ್ಣೆಯೇ ಈಲಿಯ ಶತ್ರು, ಮುಂದಿನ ತಲೆಮಾರಿಗೆ ಎಣ್ಣೆಯೇ ಅದರ ಕಾವಲು. ನಾನು ಆ ಊಟದಲ್ಲಿ ಹೌದೆಂದೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಅಲ್ಲಿ ಹೇಳದೆ ಉಳಿದದ್ದನ್ನು ಈ ಅಧ್ಯಾಯದಲ್ಲಿ ಬರೆಯುತ್ತಿದ್ದೇನೆ.

ಎಣ್ಣೆ ಎಂಬ ಒಂದೇ ಮಾತಿನಲ್ಲಿ ನಾವು ಎರಡು ಬೇರೆ ಬೇರೆ ವಸ್ತುಗಳನ್ನು ತುಂಬಿದ್ದೇವೆ. ಕರಿಜೀರಿಗೆಯನ್ನು ಗಾಣಕ್ಕೆ ಹಾಕಿ ಹಿಂಡಿದರೆ ಬರುವುದು ಜಿಡ್ಡು. ಬೀಜದ ತೂಕದಲ್ಲಿ ಸುಮಾರು ಮೂರನೇ ಒಂದು ಪಾಲು ಇದೇ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಲಿನೋಲೀಕ್ ಆಮ್ಲ, ಅಂದರೆ ಸೂರ್ಯಕಾಂತಿ ಎಣ್ಣೆಯಲ್ಲಿರುವಂಥದ್ದೇ. ಅದೇ ಬೀಜವನ್ನು ಹಬೆಯಲ್ಲಿ ಬೇಯಿಸಿ, ಹಬೆಯನ್ನು ತಣಿಸಿದರೆ ನೀರಿನ ಮೇಲೆ ತೇಲುವುದು ಬೇರೊಂದು ಎಣ್ಣೆ. ಇದಕ್ಕೆ ಜಿಡ್ಡಿಲ್ಲ, ಕಾಗದದ ಮೇಲೆ ಹನಿ ಬಿಟ್ಟರೆ ಕಲೆ ಉಳಿಯದೆ ಆರಿಹೋಗುತ್ತದೆ. ಬೀಜದ ತೂಕದಲ್ಲಿ ನೂರಕ್ಕೆ ಒಂದು ಪಾಲಿನ ಆಸುಪಾಸು ಮಾತ್ರ ಸಿಗುವ ಇದನ್ನು ಸುಗಂಧ ತೈಲ ಎನ್ನುತ್ತೇವೆ. ನೀಲಗಿರಿ ಎಣ್ಣೆ, ಲವಂಗದ ಎಣ್ಣೆ, ಮಜ್ಜಿಗೆಹುಲ್ಲಿನ ಎಣ್ಣೆ ಎಲ್ಲವೂ ಈ ಜಾತಿಯವು. ಕರಿಜೀರಿಗೆಯ ಕಟು ವಾಸನೆಗೂ ಔಷಧಗುಣಕ್ಕೂ ಕಾರಣವೆಂದು ಹೇಳುವ ಥೈಮೋಕ್ವಿನೋನ್ ಇರುವುದು ಈ ಹಾರುವ ಪಾಲಿನಲ್ಲಿ. ಗಾಣದ ಎಣ್ಣೆಗೆ ಅದು ಅಷ್ಟಿಷ್ಟು ಬೆರೆತು ಬರುತ್ತದೆ. ಎಷ್ಟು ಎಂಬುದು ಬೀಜ, ಗಾಣದ ಬಿಸಿ, ಬಾಟಲಿಯ ವಯಸ್ಸು ಇವುಗಳ ಮೇಲೆ ಹೋಗುತ್ತದೆ. ಚಿಕ್ಕಪ್ಪನ ಬಾಟಲಿಯ ಚೀಟಿಯ ಮೇಲೆ ಅದರ ಪ್ರಮಾಣ ಬರೆದಿರಲಿಲ್ಲ. ಇನ್ನೊಂದು ತೊಡಕು ಹೆಸರಿನದು. ಗ್ರಂಧಿಗೆ ಅಂಗಡಿಯಲ್ಲಿ ಕರಿಜೀರಿಗೆ, ಕಾಡುಜೀರಿಗೆ, ಶಾಜೀರಿಗೆ ಅಕ್ಕಪಕ್ಕದ ಡಬ್ಬಿಗಳಲ್ಲಿರುತ್ತವೆ. ಮೂರೂ ಬೇರೆ ಬೇರೆ ಗಿಡಗಳು. ನಿಮಗೆ ಬೇಕಾದದ್ದು ಉತ್ತರದವರು ಕಲೌಂಜಿ ಎನ್ನುವ, ಮೂಲೆ ಮೂಲೆಯಾದ ಕಪ್ಪು ಬೀಜ.

ಇನ್ನು ಈಲಿ. ಪಠ್ಯಪುಸ್ತಕದಲ್ಲಿ ಅದು ಯಕೃತ್ತು, ಆಸ್ಪತ್ರೆಯಲ್ಲಿ ಲಿವರ್. ವಯಸ್ಕರಲ್ಲಿ ಸುಮಾರು ಒಂದೂವರೆ ಕಿಲೋ ತೂಗುವ ಈ ಅಂಗದ ಮೂಲಕ ನಿಮಿಷಕ್ಕೆ ಸುಮಾರು ಒಂದೂವರೆ ಲೀಟರ್ ರಕ್ತ ಹಾಯುತ್ತದೆ. ಅದರಲ್ಲಿ ಮುಕ್ಕಾಲು ಪಾಲು ಹೃದಯದಿಂದ ನೇರ ಬಂದದ್ದಲ್ಲ. ಕರುಳನ್ನು ಸುತ್ತಿ, ಅಲ್ಲಿ ಹೀರಿದ್ದೆಲ್ಲವನ್ನೂ ಹೊತ್ತು ಪೋರ್ಟಲ್ ರಕ್ತನಾಳದ ಮೂಲಕ ಬಂದದ್ದು. ಹೀಗಾಗಿ ನಾವು ನುಂಗಿದ ಹೆಚ್ಚಿನ ವಸ್ತುಗಳು ಮೈಯ ಉಳಿದ ಭಾಗವನ್ನು ಕಾಣುವ ಮೊದಲು ಈಲಿಯನ್ನು ಕಾಣುತ್ತವೆ.

ಅಲ್ಲಿ ಏನಾಗುತ್ತದೆ? ಎಣ್ಣೆಯಲ್ಲಿ ಕರಗುವ, ನೀರಿನಲ್ಲಿ ಕರಗದ ಅಪರಿಚಿತ ವಸ್ತುವನ್ನು ಮೂತ್ರದಲ್ಲೋ ಪಿತ್ತರಸದಲ್ಲೋ ಹೊರಹಾಕಬೇಕಾದರೆ ಮೊದಲು ಅದರ ರೂಪ ಬದಲಿಸಬೇಕು. ಈ ಕೆಲಸಕ್ಕೆ ಸೈಟೋಕ್ರೋಮ್ ಪಿ450 ಎಂಬ ಕಿಣ್ವಗಳ ದೊಡ್ಡ ಕುಟುಂಬವಿದೆ. 1962ರಲ್ಲಿ ಜಪಾನಿನ ಒಮುರಾ ಮತ್ತು ಸಾಟೊ ಅದಕ್ಕೆ ಆ ಹೆಸರಿಟ್ಟರು. ಕಾರ್ಬನ್ ಮಾನಾಕ್ಸೈಡ್ ಜೊತೆ ಸೇರಿದಾಗ ಅದು 450 ನ್ಯಾನೋಮೀಟರ್ ಅಲೆಯುದ್ದದ ಬೆಳಕನ್ನು ಹೀರುತ್ತದೆ ಎಂಬುದೇ ಹೆಸರಿಗೆ ಕಾರಣ. ಈ ಕಿಣ್ವಗಳು ವಸ್ತುವಿಗೆ ಆಮ್ಲಜನಕದ ಒಂದು ಕೊಂಡಿ ಸಿಕ್ಕಿಸುತ್ತವೆ. ಆ ಕೊಂಡಿ ಹಿಡಿದು ಮುಂದಿನ ಕಿಣ್ವಗಳು ಅದನ್ನು ಸಾಗಹಾಕುತ್ತವೆ. ಸಾಮಾನ್ಯವಾಗಿ ಎಲ್ಲವೂ ಸುಸೂತ್ರ. ಕೆಲವೊಮ್ಮೆ ಮಾತ್ರ ಸಾಧುವಾಗಿದ್ದ ವಸ್ತು ಕೊಂಡಿ ಬೀಳುತ್ತಿದ್ದಂತೆ ಉಗ್ರವಾಗುತ್ತದೆ. ಪಕ್ಕದ ಪ್ರೋಟೀನನ್ನೋ ಜೀವಕೋಶದ ಪೊರೆಯನ್ನೋ ಕಚ್ಚಿ ಹಿಡಿಯುತ್ತದೆ. ಅಂಥ ಹೊತ್ತಿಗೆಂದೇ ಈಲಿ ಗ್ಲುಟಾಥಯೋನ್ ಎಂಬ ಪುಟ್ಟ ಅಣುವನ್ನು ಹೇರಳವಾಗಿ ಕೂಡಿಟ್ಟುಕೊಂಡಿರುತ್ತದೆ. ಮೂರು ಅಮೈನೊ ಆಮ್ಲಗಳ ಸರ ಅದು. ಅದರ ನಡುವಿನ ಗಂಧಕದ ಪರಮಾಣು ಉಗ್ರ ವಸ್ತುವನ್ನು ತನ್ನ ಮೇಲೆ ಎಳೆದುಕೊಂಡು ಅದರ ಜೊತೆಗೇ ಹೊರಟುಹೋಗುತ್ತದೆ.

ಈ ಎರಡು ಹೆಸರನ್ನು ನೆನಪಿಟ್ಟುಕೊಳ್ಳಿ: ವಸ್ತುವನ್ನು ಬದಲಿಸುವ ಪಿ450, ತನ್ನನ್ನೇ ಕೊಟ್ಟು ಕಾಯುವ ಗ್ಲುಟಾಥಯೋನ್. ಮುಂದಿನದೆಲ್ಲ ಇವೆರಡರ ಲೆಕ್ಕಾಚಾರ.

ಗಿಡದ ಎಣ್ಣೆಯೊಂದು ಈಲಿಯನ್ನು ಕಾಯುತ್ತದೆ ಎಂಬ ಸುದ್ದಿ ಎಲ್ಲಿಂದ ಹೊರಡುತ್ತದೆ ಎಂದು ನೋಡಲು ಕೆಲವು ವರ್ಷಗಳ ಹಿಂದೆ ಒಂದು ಫಾರ್ಮಸಿ ಕಾಲೇಜಿನ ಪ್ರಯೋಗಾಲಯಕ್ಕೆ ಹೋಗಿದ್ದೆ. ಮೇಜಿನ ಮೇಲಿದ್ದ ಸೀಸೆಯಲ್ಲಿ ಕಾರ್ಬನ್ ಟೆಟ್ರಾಕ್ಲೋರೈಡ್. ನೀರಿನಷ್ಟೇ ತಿಳಿ, ವಾಸನೆ ಸಿಹಿಯಾಗಿರುತ್ತದೆ. ಒಂದು ಕಾಲದಲ್ಲಿ ಬಟ್ಟೆಯ ಕಲೆ ತೆಗೆಯಲು, ಬೆಂಕಿ ಆರಿಸಲು ಇದನ್ನೇ ಬಳಸುತ್ತಿದ್ದರು. 1921ರಲ್ಲಿ ಅಮೆರಿಕದ ಮಾರಿಸ್ ಹಾಲ್ ಕೊಕ್ಕೆಹುಳದ ಔಷಧಿಯಾಗಿ ಇದನ್ನು ಬಳಕೆಗೆ ತಂದರು. ಹುಳಗಳು ಸತ್ತವು, ನಿಜ. ಆದರೆ ನುಂಗಿದವರಲ್ಲಿ ಕೆಲವರು ಈಲಿ ಕೆಟ್ಟು ತೀರಿಕೊಂಡರು, ಅದರಲ್ಲೂ ಕುಡಿತದ ಅಭ್ಯಾಸವಿದ್ದವರು. ಆ ಒಗಟು ಬಿಡಿಸಲು ದಶಕಗಳೇ ಬೇಕಾದವು. ಈ ದ್ರವವನ್ನು ಉಗ್ರವಾಗಿಸುವುದು ಪಿ450 ಕುಟುಂಬದ 2ಇ1 ಎಂಬ ಕಿಣ್ವ. ಮದ್ಯ ಕುಡಿಯುವವರ ಈಲಿಯಲ್ಲಿ ಅದೇ ಕಿಣ್ವ ಹೆಚ್ಚಿರುತ್ತದೆ. ಕಿಣ್ವ ಹೆಚ್ಚಿದಷ್ಟೂ ವಿಷ ಹೆಚ್ಚು.

ಈಗ ಈಲಿಯನ್ನು ಬೇಕೆಂದೇ ಕೆಡಿಸಿ ನೋಡಲು ಆ ದ್ರವವನ್ನು ಇಲಿಗಳಿಗೆ ಕೊಡುತ್ತಾರೆ, ಆಲಿವ್ ಎಣ್ಣೆಯಲ್ಲಿ ಬೆರೆಸಿ. ವಿಷ ಸಾಗಿಸಲೂ ಎಣ್ಣೆಯೇ ಬೇಕು. ಹಾಗಾಗಿ ವಿಷವಿಲ್ಲದ ಗುಂಪಿಗೂ ಬರೀ ಆಲಿವ್ ಎಣ್ಣೆ ಕೊಟ್ಟು ಸರಿತೂಗಿಸಬೇಕು. ಒಂದು ದಿನದ ನಂತರ ತೆಗೆದ ಮೂರು ಈಲಿಗಳನ್ನು ಅಲ್ಲಿನ ಪ್ರಾಧ್ಯಾಪಕರು ಪಿಂಗಾಣಿ ತಟ್ಟೆಯಲ್ಲಿ ಸಾಲಾಗಿ ಇಟ್ಟು ತೋರಿಸಿದರು. ಮೊದಲನೆಯದು ಹದವಾಗಿ ನೆನೆದ ಹುಣಸೆಹಣ್ಣಿನ ಕೆಂಗಂದು, ಮೇಲೆ ಮಿರುಗು, ಅಂಚು ಚೂಪು. ವಿಷ ಉಂಡ ಎರಡನೆಯದು ಉಬ್ಬಿ, ಅಂಚು ಮೊಂಡಾಗಿ, ಮಾಸಲು ಹಳದಿಗೆ ತಿರುಗಿತ್ತು. ಮೈಮೇಲೆ ಸಣ್ಣ ಸಣ್ಣ ಚುಕ್ಕೆ. ಮೂರನೆಯದಕ್ಕೆ ವಿಷಕ್ಕೆ ಮೊದಲೇ ಒಂದು ವಾರ ಕರಿಜೀರಿಗೆ ಬೀಜದ ಎಣ್ಣೆ ಕೊಟ್ಟಿದ್ದರು. ಅದು ಮೊದಲನೆಯದರಂತಿರಲಿಲ್ಲ, ಆದರೆ ಎರಡನೆಯದಕ್ಕಿಂತ ಕೆಂಪಾಗಿತ್ತು. ಯಾರ ಕಣ್ಣಿಗೂ ಕಾಣುವಷ್ಟು ವ್ಯತ್ಯಾಸ. ಆ ಮೂರು ಪ್ರಾಣಿಗಳ ಜೀವದ ಬೆಲೆಗೆ ಕಂಡ ನೋಟ ಅದು. ಅದನ್ನು ಹಗುರಾಗಿ ಉಬ್ಬಿಸಿ ಹೇಳುವ ಹಕ್ಕು ಯಾರಿಗೂ ಇಲ್ಲ ಎಂದು ನನಗೆ ಆಗ ಅನ್ನಿಸಿತು, ಈಗಲೂ ಅನ್ನಿಸುತ್ತದೆ.

ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಇನ್ನೂ ವಿಚಿತ್ರ. ಈಲಿಯ ಒಳಗು ಜೇನುಹಟ್ಟಿನಂತೆ ಆರು ಮೂಲೆಯ ಸಣ್ಣ ಸಣ್ಣ ಕೋಣೆಗಳದ್ದು. ರಕ್ತ ಮೂಲೆಗಳಿಂದ ಒಳಬಂದು ನಡುವಿನ ನಾಳಕ್ಕೆ ಹರಿಯುತ್ತದೆ. ಹಾಗಾದರೆ ವಿಷ ಮೊದಲು ತಾಗುವುದು ಮೂಲೆಯ ಜೀವಕೋಶಗಳಿಗೆ ತಾನೆ? ಗಾಜಿನ ಮೇಲೆ ಕಂಡದ್ದು ತಿರುಗುಮುರುಗು. ಮೂಲೆಗಳು ಸ್ವಸ್ಥವಾಗಿದ್ದವು, ನಡುನಾಳದ ಸುತ್ತ ಜೀವಕೋಶಗಳು ಬಣ್ಣ ಕಳೆದುಕೊಂಡು, ಒಳಗೆ ಕೊಬ್ಬಿನ ಗುಳ್ಳೆ ತುಂಬಿಕೊಂಡು, ಕೆಲವೆಡೆ ಗೋಡೆಯೇ ಕರಗಿ ಬಿದ್ದಿದ್ದವು. 2ಇ1 ಕಿಣ್ವ ತುಂಬಿರುವುದು ನಡುವಿನ ಜೀವಕೋಶಗಳಲ್ಲಿ ಎಂಬುದೇ ಇದಕ್ಕೆ ಉತ್ತರ. ಹೊರಗಿನಿಂದ ಬಂದ ವಸ್ತು ಸಾಧುವಾಗಿಯೇ ಬಂದಿತ್ತು. ಅದು ವಿಷವಾದದ್ದು ಈಲಿಯ ಸ್ವಂತ ಅಡುಗೆಮನೆಯಲ್ಲಿ. ಗೋಡೆ ಒಡೆದ ಜೀವಕೋಶಗಳಿಂದ ಸೋರಿ ರಕ್ತ ಸೇರುವ ಕಿಣ್ವವೇ ನಮ್ಮ ರಕ್ತಪರೀಕ್ಷೆಯ ಎಸ್‌ಜಿಪಿಟಿ. ಚಿಕ್ಕಪ್ಪನ 78 ಅಂಥದೊಂದು ಸಣ್ಣ ಸೋರಿಕೆಯ ಅಳತೆ.

ಮೂರನೆಯ ಈಲಿ ಹೇಗೆ ಉಳಿಯಿತು? ಒಂದು ದಾರಿ ತೀರ ಸರಳ. ಕೆಲವು ಎಣ್ಣೆಗಳು ಆ ಕಿಣ್ವವನ್ನೇ ಕಟ್ಟಿಹಾಕುತ್ತವೆ. ಬೆಳ್ಳುಳ್ಳಿ ಎಣ್ಣೆಯಲ್ಲಿರುವ ಡೈಅಲೈಲ್ ಸಲ್ಫೈಡ್ ಇದಕ್ಕೆ ಚೆನ್ನಾಗಿ ಅಧ್ಯಯನವಾದ ಉದಾಹರಣೆ. 2ಇ1 ಕೆಲಸ ನಿಲ್ಲಿಸಿದರೆ ಟೆಟ್ರಾಕ್ಲೋರೈಡ್ ಉಗ್ರವಾಗುವುದೇ ಇಲ್ಲ, ಈಲಿ ಉಳಿಯುತ್ತದೆ. ಇದು ಸುಳ್ಳಲ್ಲ, ಆದರೆ ಇದರಿಂದ ಚಿಕ್ಕಪ್ಪನಂಥವರಿಗೆ ಆಗುವ ಪ್ರಯೋಜನ ಕಡಿಮೆ. ಅವರು ಟೆಟ್ರಾಕ್ಲೋರೈಡ್ ಕುಡಿದಿಲ್ಲ. ಪ್ರಯೋಗಗಳ ವರದಿ ಓದುವಾಗ ನಾನು ಮೊದಲು ಹುಡುಕುವುದು ಒಂದೇ ವಿಷಯ: ಎಣ್ಣೆ ಕೊಟ್ಟದ್ದು ವಿಷಕ್ಕೆ ಮೊದಲೋ, ಆಮೇಲೋ? ಹೆಚ್ಚಿನವುಗಳಲ್ಲಿ ಮೊದಲು. ಕಾಯಿಲೆ ಬರುವ ಒಂದು ವಾರ ಮುಂಚೆ ಔಷಧಿ ಶುರುಮಾಡುವ ರೋಗಿಯನ್ನು ನಾನು ಈವರೆಗೆ ಕಂಡಿಲ್ಲ.

ಎರಡನೆಯ ದಾರಿ ನನಗೆ ಬಹಳ ಇಷ್ಟವಾದದ್ದು. ಜಾಹೀರಾತುಗಳಲ್ಲಿ 'ಆಂಟಿಆಕ್ಸಿಡೆಂಟ್' ಎಂಬ ಮಾತು ಬಂದಾಗ, ಎಣ್ಣೆಯ ಅಣುಗಳು ಈಲಿಗೆ ಹೋಗಿ ಉಗ್ರ ಕಣಗಳನ್ನು ಪೊರಕೆ ಹಿಡಿದು ಗುಡಿಸುತ್ತವೆ ಎಂಬ ಚಿತ್ರ ಮನಸ್ಸಿಗೆ ಬರುತ್ತದೆ. ಈಲಿ ತಲುಪುವ ಒಂದಿಷ್ಟು ಅಣುಗಳಿಂದ ಅಷ್ಟು ಗುಡಿಸುವ ಕೆಲಸ ಆಗುವುದಿಲ್ಲ. ನಡೆಯುವುದು ಇನ್ನೊಂದು. ಜಪಾನಿನ ಮಸಾಯುಕಿ ಯಮಾಮೊಟೊ ಅವರ ತಂಡ 1990ರ ದಶಕದ ಕೊನೆಯಲ್ಲಿ ಒಂದು ಜೋಡಿ ಪ್ರೋಟೀನುಗಳ ಕಥೆಯನ್ನು ಬಿಡಿಸಿತು. ಎನ್‌ಆರ್‌ಎಫ್2 ಎಂಬುದು ಡಂಗುರದವನು. ಕೀಪ್1 ಎಂಬುದು ಅವನ ಕೈ ಹಿಡಿದು ಕೂರಿಸಿಕೊಂಡ ಕಾವಲುಗಾರ. ಶಾಂತಿಯ ಕಾಲದಲ್ಲಿ ಡಂಗುರದವನು ಹುಟ್ಟುತ್ತಲೇ ಇರುತ್ತಾನೆ, ಕಾವಲುಗಾರ ಅವನನ್ನು ನಾಶಕ್ಕೆ ಒಪ್ಪಿಸುತ್ತಲೇ ಇರುತ್ತಾನೆ. ಕಾವಲುಗಾರನ ಮೈಮೇಲೆ ಗಂಧಕದ ಪರಮಾಣುಗಳು ಹೊರಚಾಚಿವೆ. ಕಚ್ಚುವ ಸ್ವಭಾವದ ಅಪರಿಚಿತ ಅಣುವೊಂದು ಬಂದು ಆ ಗಂಧಕವನ್ನು ಕಚ್ಚಿದೊಡನೆ ಕಾವಲುಗಾರನ ಹಿಡಿತ ಸಡಿಲಾಗುತ್ತದೆ. ಡಂಗುರದವನು ಜೀವಕೋಶದ ಕೇಂದ್ರಕ್ಕೆ ಓಡಿ ಸಾರುತ್ತಾನೆ. ಅಲ್ಲಿ ಮುಚ್ಚಿದ್ದ ಜೀನುಗಳು ತೆರೆಯುತ್ತವೆ. ಗ್ಲುಟಾಥಯೋನ್ ತಯಾರಿಸುವ ಕಿಣ್ವಗಳು, ಕ್ವಿನೋನುಗಳನ್ನು ಸಾಧುಗೊಳಿಸುವ ಕಿಣ್ವಗಳು ಗಂಟೆಗಳೊಳಗೆ ಹೆಚ್ಚುತ್ತವೆ.

ಕರಿಜೀರಿಗೆಯ ಥೈಮೋಕ್ವಿನೋನ್ ಹೀಗೆ ಕಚ್ಚುವ ಅಣು. ಹೆಸರಲ್ಲೇ ಕ್ವಿನೋನ್ ಇದೆ. ಗಿಡ ಇಂಥವನ್ನು ತಯಾರಿಸಿದ್ದು ನಮ್ಮ ಈಲಿಯ ಮೇಲಿನ ಕರುಣೆಯಿಂದಲ್ಲ. ತನ್ನ ಬೀಜ ತಿನ್ನುವ ಹುಳ, ಬೂಷ್ಟುಗಳನ್ನು ಓಡಿಸಲು. ಅಂದರೆ ಅದು ಸಣ್ಣ ಮಟ್ಟದ ವಿಷ. ಈಲಿ ಅದನ್ನು ವಿಷವೆಂದೇ ಗುರುತಿಸಿ ಮೈ ಕೊಡವಿ ಏಳುತ್ತದೆ. ಆ ಎಚ್ಚರ ಇಳಿಯುವ ಮೊದಲೇ ದೊಡ್ಡ ವಿಷ ಬಂದರೆ, ಉಗ್ರಾಣ ಆಗಲೇ ತುಂಬಿರುತ್ತದೆ. ತಟ್ಟೆಯಲ್ಲಿದ್ದ ಮೂರನೆಯ ಈಲಿಯನ್ನು ಕಾದದ್ದು ಬಹುಪಾಲು ಆ ಈಲಿಯೇ. ಎಣ್ಣೆ ಅದನ್ನು ಎಬ್ಬಿಸಿತ್ತು.

ಈ ಮಾತಿನ ಜೊತೆಗೇ ಅಪಾಯವೂ ಬರುತ್ತದೆ. ಎಬ್ಬಿಸಲು ಒಂದು ಚಿವುಟು ಸಾಕು, ಹೊಡೆದರೆ ಈಲಿ ಏಳುವುದಿಲ್ಲ. ಲವಂಗದ ಎಣ್ಣೆಯನ್ನೇ ತೆಗೆದುಕೊಳ್ಳಿ. ಅದರಲ್ಲಿ ಹೆಚ್ಚಿನ ಪಾಲು ಯೂಜಿನಾಲ್. ಪ್ರಯೋಗಗಳಲ್ಲಿ ಸಣ್ಣ ಪ್ರಮಾಣದ ಯೂಜಿನಾಲ್ ಇಲಿಯ ಈಲಿಯನ್ನು ಕಾದದ್ದಿದೆ. ಆದರೆ 1993ರಲ್ಲಿ ಬ್ರಿಟನ್ನಿನ ವೈದ್ಯರು ಎರಡು ವರ್ಷದ ಮಗುವೊಂದರ ಬಗ್ಗೆ ಬರೆದರು. ಮಗು ಕುಡಿದದ್ದು 5ರಿಂದ 10 ಮಿಲಿಲೀಟರ್ ಲವಂಗದ ಎಣ್ಣೆ. ಅದು ಎಚ್ಚರ ತಪ್ಪಿತು, ಈಲಿ ಕೆಟ್ಟಿತು, ರಕ್ತ ಹೆಪ್ಪುಗಟ್ಟುವ ಕ್ರಮ ಏರುಪೇರಾಯಿತು. ತೀವ್ರ ಚಿಕಿತ್ಸೆಯಿಂದ ಮಗು ಉಳಿಯಿತು. ಹತ್ತು ಮಿಲಿಲೀಟರ್ ಎಂದರೆ ಎರಡು ಚಹಾ ಚಮಚ. ಅಷ್ಟು ಎಣ್ಣೆ ಇಳಿಸಲು ಸುಮಾರು ಅರವತ್ತು ಗ್ರಾಂ ಲವಂಗ ಬೇಕು, ಎಣಿಸಿದರೆ ಆರುನೂರರ ಹತ್ತಿರ. ಪಲಾವಿಗೆ ನಾವು ಹಾಕುವುದು ನಾಲ್ಕೈದು. 'ಲವಂಗ ಅಡುಗೆಮನೆಯದೇ, ಅದರ ಎಣ್ಣೆ ಏನು ಮಾಡೀತು' ಎನ್ನುವವರಿಗೆ ಈ ಲೆಕ್ಕ ಹೇಳಬೇಕು.

ಪೆನ್ನಿರಾಯಲ್ ಎಂಬ ಪುದೀನ ಜಾತಿಯ ಗಿಡದ ಎಣ್ಣೆಯ ಕಥೆ ಇನ್ನೂ ಕಠೋರ. ಅಮೆರಿಕದ ಕೊಲರಾಡೊದಲ್ಲಿ 1978ರಲ್ಲಿ ಹದಿನೆಂಟರ ಹುಡುಗಿಯೊಬ್ಬಳು ಗರ್ಭ ಇಳಿಸಲೆಂದು ಸುಮಾರು 30 ಮಿಲಿಲೀಟರ್ ಕುಡಿದಳು. ಈಲಿ ಪೂರ್ತಿ ಕುಸಿದು ಒಂದು ವಾರದಲ್ಲಿ ತೀರಿಕೊಂಡಳು. ಆ ಎಣ್ಣೆಯ ಪ್ಯೂಲಿಗೋನನ್ನು ಪಿ450 ಕಿಣ್ವಗಳು ಇನ್ನಷ್ಟು ಉಗ್ರ ವಸ್ತುಗಳಾಗಿ ಬದಲಿಸುತ್ತವೆ, ಗ್ಲುಟಾಥಯೋನ್ ಬರಿದಾಗುತ್ತದೆ. ಪ್ಯಾರಸಿಟಮಾಲ್ ಅತಿಯಾದಾಗ ಆಗುವುದೂ ಇದೇ ತರಹ. ಇಲಿ ಜಾತಿಯ ಪ್ರಾಣಿಗಳಲ್ಲಿ ನೋಡಿದಂತೆ, ಗ್ಲುಟಾಥಯೋನ್ ದಾಸ್ತಾನಿನಲ್ಲಿ ಸುಮಾರು ಶೇ. 70 ಖರ್ಚಾಗುವವರೆಗೂ ಈಲಿ ತಡೆದುಕೊಳ್ಳುತ್ತದೆ, ಆಮೇಲೆ ಒಮ್ಮೆಲೇ ಜೀವಕೋಶಗಳು ಸಾಯತೊಡಗುತ್ತವೆ. ಅದಕ್ಕೇ ಪ್ಯಾರಸಿಟಮಾಲಿಗೆ ಕೊಡುವ ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಔಷಧಿಯನ್ನೇ ಇಂಥ ಎಣ್ಣೆ ಕುಡಿದವರಿಗೂ ವೈದ್ಯರು ಕೊಟ್ಟಿದ್ದಾರೆ. ಗ್ಲುಟಾಥಯೋನ್ ಕಟ್ಟಲು ಬೇಕಾದ ಗಂಧಕದ ಇಟ್ಟಿಗೆ ಅದರಲ್ಲಿದೆ. ಹೊತ್ತು ಮೀರುವ ಮೊದಲು ಆಸ್ಪತ್ರೆ ಮುಟ್ಟಿದವರಿಗೆ ಅದು ಜೀವ ಉಳಿಸುವ ಔಷಧಿ.

ಇಲಿಯಿಂದ ಮನುಷ್ಯನಿಗೆ ಬರುವ ದಾರಿಯೂ ನೇರವಿಲ್ಲ. ಇಲಿಗೆ ಕಿಲೋ ತೂಕಕ್ಕೆ ಒಂದು ಮಿಲಿಲೀಟರ್ ಎಣ್ಣೆ ಕೊಟ್ಟರೆ, ಅದೇ ಲೆಕ್ಕದಲ್ಲಿ 60 ಕಿಲೋ ಮನುಷ್ಯನಿಗೆ 60 ಮಿಲಿಲೀಟರ್ ಆಗುತ್ತದೆ. ದೇಹದ ಮೇಲ್ಮೈ ಲೆಕ್ಕ ಹಿಡಿದು, ವಾಡಿಕೆಯಂತೆ ಆರರಿಂದ ಭಾಗಿಸಿದರೂ ದಿನಕ್ಕೆ 10 ಮಿಲಿಲೀಟರ್. ಗಾಣದ ಜಿಡ್ಡೆಣ್ಣೆಯಾದರೆ ನುಂಗಬಹುದೇನೋ. ಹಬೆಯಲ್ಲಿ ಇಳಿಸಿದ ಸುಗಂಧ ತೈಲವಾದರೆ ಅದು ಆ ಬ್ರಿಟಿಷ್ ಮಗು ಕುಡಿದಷ್ಟು.

ನನ್ನ ಬಾಲ್ಯದ ಕಿರುನೆಲ್ಲಿಯ ಲೋಟಕ್ಕೂ ಇಂಥದೊಂದು ಇತಿಹಾಸವಿದೆ. 1988ರಲ್ಲಿ ಮದ್ರಾಸಿನ ತ್ಯಾಗರಾಜನ್ ಮತ್ತು ಸಂಗಡಿಗರು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹೆಪಟೈಟಿಸ್ ಬಿ ವೈರಸ್ ಹೊತ್ತಿದ್ದ 37 ಜನ ಮೂವತ್ತು ದಿನ ಕಿರುನೆಲ್ಲಿ ಪುಡಿ ತೆಗೆದುಕೊಂಡರು. 22 ಜನರ ರಕ್ತದಿಂದ ವೈರಸ್ಸಿನ ಗುರುತು ಮಾಯವಾಯಿತು. ಔಷಧಿಯಿಲ್ಲದ ಹುಸಿ ಮಾತ್ರೆ ನುಂಗಿದ 23 ಜನರಲ್ಲಿ ಒಬ್ಬರದು ಮಾತ್ರ. ಜಗತ್ತೇ ಕಿವಿ ನಿಮಿರಿಸಿತು. ಆಮೇಲೆ ಬೇರೆ ಬೇರೆ ದೇಶಗಳಲ್ಲಿ ಮಾಡಿ ನೋಡಿದವರಿಗೆ ಆ ಫಲ ಸಿಗಲಿಲ್ಲ. ಇನ್ನು ನನಗೆ ಬಂದಿದ್ದಂಥ ಕಾಮಾಲೆ, ನೀರು ಆಹಾರದಿಂದ ಬರುವ ಹೆಪಟೈಟಿಸ್ ಎ, ಹೆಚ್ಚಿನ ಮಕ್ಕಳಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ಅಜ್ಜಿಯ ಲೋಟದ ಮೇಲಿನ ನನ್ನ ಪ್ರೀತಿ ಇದರಿಂದ ಕಡಿಮೆಯಾಗಿಲ್ಲ. ವಾಸಿ ಮಾಡಿದ್ದು ಯಾರು ಎಂಬ ಪ್ರಶ್ನೆ ಮಾತ್ರ ಬೇರೆಯಾಯಿತು. ಅವಳ ಎಣ್ಣೆ ಪಥ್ಯದಲ್ಲೂ ಒಂದು ಕಾಳು ಸತ್ಯವಿತ್ತು. ಕಾಮಾಲೆಯಲ್ಲಿ ಹೊಟ್ಟೆ ತೊಳೆಸುವುದು ಸಹಜ, ಜಿಡ್ಡು ಕಂಡರೆ ಇನ್ನಷ್ಟು. ಆದರೆ ರೋಗಿ ಉಣ್ಣಬಲ್ಲನಾದರೆ ಒಂದು ಒಗ್ಗರಣೆಯಿಂದ ಈಲಿ ಸುಡುವುದಿಲ್ಲ.

ಕರಿಜೀರಿಗೆಯನ್ನು ಮನುಷ್ಯರ ಮೇಲೂ ಪರೀಕ್ಷಿಸಿದ್ದಾರೆ, ಮುಖ್ಯವಾಗಿ ಇರಾನ್ ಮತ್ತು ಪಾಕಿಸ್ತಾನದಲ್ಲಿ, ಚಿಕ್ಕಪ್ಪನಂಥ ಫ್ಯಾಟಿ ಲಿವರ್ ಇದ್ದವರ ಮೇಲೆಯೇ. ದಿನಕ್ಕೆ ಒಂದೆರಡು ಗ್ರಾಂ ಬೀಜ ಅಥವಾ ಎಣ್ಣೆ, ಎರಡು ಮೂರು ತಿಂಗಳು. ಕೆಲವದರಲ್ಲಿ ಎಸ್‌ಜಿಪಿಟಿ ಇಳಿಯಿತು, ಕೊಬ್ಬೂ ತುಸು ಕಡಿಮೆಯಾಯಿತು. ಆದರೆ ಪ್ರಯೋಗಗಳು ಸಣ್ಣವು, ಸೇರಿದವರು ಹೆಚ್ಚೆಂದರೆ ನೂರರ ಆಸುಪಾಸು. ಹತ್ತು ವರ್ಷದ ನಂತರ ಆ ಈಲಿಗಳಲ್ಲಿ ಗಾಯದ ನಾರು ಬೆಳೆಯುತ್ತದೋ ಇಲ್ಲವೋ ಎಂಬುದು ಮೂರು ತಿಂಗಳಲ್ಲಿ ಕಾಣುವುದಲ್ಲ. ಭರವಸೆ ಇದೆ ಎಂದು ನಾನು ಒಪ್ಪುತ್ತೇನೆ. ಔಷಧಿ ಎಂದು ಕರೆಯಲು ಇಷ್ಟು ಸಾಲದು. ಇದೇ ಕಾಯಿಲೆಯಲ್ಲಿ ಮೈತೂಕದ ಶೇ. 7ರಿಂದ 10ರಷ್ಟು ಇಳಿಸಿದವರ ಈಲಿಯಲ್ಲಿ ಉರಿಯೂತವೇ ತಗ್ಗಿದ್ದನ್ನು ಸೂಜಿ ಹಾಕಿ ತೆಗೆದ ತುಣುಕುಗಳಲ್ಲಿ ನೋಡಿದ್ದಾರೆ. ಸದ್ಯಕ್ಕೆ ಯಾವ ಗಿಡದ ಎಣ್ಣೆಯ ಬಳಿಯೂ ಅಷ್ಟು ಗಟ್ಟಿ ಸಾಕ್ಷಿ ಇಲ್ಲ.

ಮಳೆಗಾಲ ಮುಗಿದ ಮೇಲೆ ಮತ್ತೆ ಸಾಗರಕ್ಕೆ ಹೋದೆ. ಚಿಕ್ಕಪ್ಪ ಹೊಸ ರಿಪೋರ್ಟ್ ಮುಂದಿಟ್ಟರು. ಎಸ್‌ಜಿಪಿಟಿ 51. ಬೆಲ್ಟಿನ ತೂತು ಎರಡು ಒಳಕ್ಕೆ ಹೋಗಿತ್ತು. ಸಂಜೆಯ ಬೋಂಡ ಬಿಟ್ಟಿದ್ದರು, ಬೆಳಿಗ್ಗೆ ನಡೆಯತೊಡಗಿದ್ದರು, ಎಣ್ಣೆಯನ್ನೂ ಕುಡಿದಿದ್ದರು. "ಯಾವುದರಿಂದ ಆದದ್ದು ಹೇಳು ನೋಡುವ" ಎಂದರು. ಮೂರನ್ನೂ ಒಟ್ಟಿಗೆ ಮಾಡಿದರೆ ಯಾರಿಗೂ ಹೇಳಲು ಬರುವುದಿಲ್ಲ ಚಿಕ್ಕಪ್ಪ, ಆದರೆ ಒಂದನ್ನು ಬಿಡಲೇಬೇಕೆಂದಿದ್ದರೆ ನಡಿಗೆಯನ್ನು ಮಾತ್ರ ಬಿಡಬೇಡಿ ಎಂದೆ. ಎಣ್ಣೆಯ ವಿಷಯವನ್ನು ಡಾಕ್ಟರಿಗೆ ಹೇಳಿದ್ದೀರಾ ಎಂದು ಕೇಳಿದೆ. ಹೇಳಿರಲಿಲ್ಲ. ಮುಂದಿನ ಸಲ ಬಾಟಲಿಯನ್ನೇ ತೆಗೆದುಕೊಂಡು ಹೋಗುತ್ತೇನೆ ಎಂದರು.

ಕೈ ತೊಳೆಯಲು ಒಳಗೆ ಹೋದಾಗ ಬಚ್ಚಲಿನ ಪಕ್ಕದ ಗೂಡಿನಲ್ಲಿ, ಹಲ್ಲುಪುಡಿಯ ಡಬ್ಬಿಯ ಹಿಂದೆ, ಇನ್ನೊಂದು ಸಣ್ಣ ಸೀಸೆ ಕಂಡಿತು. ಚಿಕ್ಕಮ್ಮನ ಹಲ್ಲುನೋವಿನ ಲವಂಗದ ಎಣ್ಣೆ. ಮುಚ್ಚಳ ಸಡಿಲವಿತ್ತು. ಗೂಡು ನನ್ನ ಮೊಣಕಾಲಿನಷ್ಟು ಎತ್ತರದಲ್ಲಿತ್ತು, ಅವರ ಮೊಮ್ಮಗಳು ಅಂಗಳದಲ್ಲಿ ಆಡುತ್ತಿದ್ದಳು. ಮುಚ್ಚಳ ಬಿಗಿದು, ಸೀಸೆಯನ್ನು ಅಡುಗೆಮನೆಯ ಅಟ್ಟದ ಮೇಲಿಟ್ಟು, ಎಲ್ಲಿಟ್ಟೆ ಎಂದು ಚಿಕ್ಕಮ್ಮನಿಗೆ ಹೇಳಿ ಬಂದೆ.